ನಂಬರ್ ಎಲ್ಲರಿಗೂ ಗೊತ್ತಿದ್ದರೂ ಕೇಸ್ ಆಗುತ್ತದೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಟೌನ್‌ಹಾಲ್‌ನಿಂದ ಬಟವಾಡಿವರೆಗೆ ನಡೆದುಕೊಂಡು ಹೋಗಿ. ಅಂಗಡಿ ಬೋರ್ಡ್, ಆಟೋ ಹಿಂಬದಿ, ಹುಟ್ಟುಹಬ್ಬದ ಫ್ಲೆಕ್ಸ್, ಕಂಬಕ್ಕೆ ಅಂಟಿಸಿದ ‘ಮನೆ ಬಾಡಿಗೆಗೆ ಇದೆ’ ಚೀಟಿ, ಎಲ್ಲದರ ಮೇಲೂ ಹೆಸರು, ಮೊಬೈಲ್ ನಂಬರ್. ಮತದಾರರ ಪಟ್ಟಿ ತೆಗೆದರೆ ವಯಸ್ಸು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರ್ ಸಿಗುತ್ತದೆ. ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಬರುತ್ತದೆ, ಅದರಲ್ಲಿ ಜಮೀನು ಯಾರದ್ದು ಅಂತ ಇರುತ್ತದೆ. ಹಳ್ಳಿಗೆ ಹೋದರಂತೂ ಇದ್ಯಾವುದೂ ಬೇಡ. ಬಸ್ ಇಳಿದು ಟೀ ಅಂಗಡಿಯಲ್ಲಿ ‘ಇಂಥವರ ಮನೆ ಎಲ್ಲಿ’ ಅಂದರೆ ಸಾಕು, ಒಬ್ಬರು ಜೊತೆಗೇ ಬಂದು ತೋರಿಸುತ್ತಾರೆ.

ಹಾಗಾಗಿ ಯಾರೋ ದ್ವೇಷಕ್ಕೆ ಇನ್ನೊಬ್ಬರ ನಂಬರ್, ಫೋಟೊ, ವಿಳಾಸವನ್ನು ವಾಟ್ಸ್‌ಆ್ಯಪ್ ಗ್ರೂಪಿಗೋ ಫೇಸ್‌ಬುಕ್ಕಿಗೋ ಹಾಕಿದಾಗ, ದೂರು ಕೊಡಲು ಹೊರಟವರಿಗೆ ಎದುರಾಗುವ ಮೊದಲ ಮಾತು ಹೀಗಿರುತ್ತದೆ: ‘ಅಮ್ಮಾ, ನಿಮ್ಮ ನಂಬರ್ ಬೋರ್ಡ್ ಮೇಲೇ ಇದೆಯಲ್ಲ, ಅದರಲ್ಲಿ ಗುಟ್ಟೇನು ಬಂತು?’ ಕೇಳಿದವರಿಗೂ ಹೌದಲ್ವಾ ಅನ್ನಿಸುತ್ತದೆ. ಆದರೆ ಇದು ತಪ್ಪು ಪ್ರಶ್ನೆ. ಮಾಹಿತಿ ಗುಟ್ಟಾಗಿತ್ತಾ ಇಲ್ವಾ ಅಂತ ನಮ್ಮ ಕಾನೂನಿನ ಹೆಚ್ಚಿನ ಕಲಂಗಳು ಕೇಳುವುದೇ ಇಲ್ಲ. ಯಾರು ಹಾಕಿದರು, ಜೊತೆಗೆ ಏನು ಬರೆದರು, ಏನಾಗಲಿ ಅಂತ ಹಾಕಿದರು, ಇದನ್ನು ಕೇಳುತ್ತವೆ.

ಒಬ್ಬರನ್ನು ಹಣಿಯಲು ಅವರ ಖಾಸಗಿ ವಿವರಗಳನ್ನು ಆನ್‌ಲೈನ್‌ನಲ್ಲಿ ಹರಿಬಿಡುವುದಕ್ಕೆ ಡಾಕ್ಸಿಂಗ್ ಅನ್ನುತ್ತಾರೆ. ಆ ಹೆಸರಿನ ಅಪರಾಧ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ 2024ರ ಜನವರಿಯಿಂದ ಇದೆ. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾ ಕೂಡ ತಂದಿತು. ನಮ್ಮಲ್ಲಿ ರಕ್ಷಣೆ ಇದೆ, ಆದರೆ ನಾಲ್ಕೈದು ಕಾನೂನುಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಹೆಕ್ಕಿ ತೆಗೆಯಬೇಕು.

ಇದಕ್ಕೆಲ್ಲ ತಳಪಾಯ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸಿನ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವ ಗುರಾಣಿ. ಪಕ್ಕದ ಮನೆಯವನ ಮೇಲೆ ಎಫ್‌ಐಆರ್ ಹಾಕಿಸಲು ಅದೊಂದೇ ಸಾಲದು.

2024ರಲ್ಲಿ ದೆಹಲಿ ಹೈಕೋರ್ಟಿಗೆ ಇಂಥದ್ದೇ ಕೇಸ್ ಬಂತು. ಮಹಿಳೆಯೊಬ್ಬರು ಎಕ್ಸ್‌ನಲ್ಲಿ ಒಬ್ಬ ಮುಖ್ಯಮಂತ್ರಿಯ ಫೋಟೊಗೆ ಪ್ರತಿಕ್ರಿಯೆ ಹಾಕಿದ್ದರು. ಅಷ್ಟಕ್ಕೇ ಅವರ ವೈಯಕ್ತಿಕ ವಿವರಗಳನ್ನು ಹುಡುಕಿ ತೆಗೆದು ಹರಿಬಿಟ್ಟರು, ಬೆದರಿಕೆ ಶುರುವಾಯಿತು. ಡಾಕ್ಸಿಂಗ್‌ಗೆ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಅದು ಖಾಸಗಿತನದ ಹಕ್ಕಿಗೆ ಧಕ್ಕೆಯೇ ಅಂದ ಕೋರ್ಟ್, ಪೋಸ್ಟ್‌ಗಳನ್ನು ತೆಗೆಸಲು ಆದೇಶ ಮಾಡಿತು.

ಒಂದು ವಿಸಿಟಿಂಗ್ ಕಾರ್ಡ್

ಕ್ಯಾತ್ಸಂದ್ರದಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುವ ಒಬ್ಬರು ಇದ್ದಾರೆ ಅಂತಿಟ್ಟುಕೊಳ್ಳಿ. ಇದು ಉದಾಹರಣೆಗೆ ಕಟ್ಟಿದ ಕಥೆ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರು, ನಂಬರ್, ಕೆಳಗೆ ‘ಬ್ಲೌಸ್ ಹೊಲಿದು, ಫಾಲ್, ಕುಚ್ಚು ಹಾಕಿಕೊಡಲಾಗುವುದು’. ಪಕ್ಕದ ಮನೆಯವರ ಜೊತೆ ಚರಂಡಿ ವಿಷಯಕ್ಕೆ ಜಗಳ. ಒಂದು ರಾತ್ರಿ ಆ ಮನೆಯ ಹುಡುಗ ಕಾರ್ಡಿನ ಫೋಟೊ ತೆಗೆದು, ಫೇಸ್‌ಬುಕ್ಕಿನಲ್ಲಿದ್ದ ಮದುವೆ ಆಲ್ಬಮ್‌ನಿಂದ ಅವರ ಫೋಟೊ ಎತ್ತಿ, ಎರಡನ್ನೂ ದೊಡ್ಡ ಗ್ರೂಪೊಂದಕ್ಕೆ ಹಾಕಿ ಬರೆಯುತ್ತಾನೆ: ‘ಯಾವಾಗ ಬೇಕಾದ್ರೂ ಫೋನ್ ಮಾಡಿ, ಸಿಗ್ತಾಳೆ.’

ಹನ್ನೊಂದು ಗಂಟೆಗೆ ಕರೆಗಳು ಶುರು. ಮೊದಲನೆಯವನು ‘ರೇಟ್ ಎಷ್ಟು’ ಅನ್ನುತ್ತಾನೆ. ಅವರು ಬ್ಲೌಸ್ ವಿಚಾರ ಅಂದುಕೊಂಡು ‘ಲೈನಿಂಗ್ ಬೇಕಾ, ಸಾದಾನಾ’ ಅಂತ ಕೇಳುತ್ತಾರೆ. ಆ ಕಡೆ ನಗು. ಆಮೇಲೆ ವಿಡಿಯೊ ಕಾಲ್‌ಗಳು. ಬೆಳಿಗ್ಗೆ ಗೇಟಿನ ಮುಂದೆ ಗುರುತಿಲ್ಲದ ಬೈಕ್.

ಈಗ ನೋಡಿ. ಕಾರ್ಡು ಅವರೇ ಹಂಚಿದ್ದು. ಫೋಟೊ ಯಾರು ಬೇಕಾದರೂ ನೋಡುವಂತಿತ್ತು. ಕದ್ದದ್ದು ಅಂತ ಒಂದೂ ಇಲ್ಲ. ಅದೇ ಕಾರ್ಡನ್ನು ಅದೇ ಗ್ರೂಪಿಗೆ ‘ಚೆನ್ನಾಗಿ ಹೊಲೀತಾರೆ, ಕೊಡಿ’ ಅಂತ ಹಾಕಿದ್ದರೆ ಉಪಕಾರವಾಗುತ್ತಿತ್ತು. ಅಪರಾಧ ಆಗಿದ್ದು ‘ಸಿಗ್ತಾಳೆ’ ಅನ್ನುವ ಮಾತಿನಿಂದ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಜಾರಿಯಲ್ಲಿದೆ. ಅದರ 79ನೇ ಕಲಂ ಪ್ರಕಾರ, ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮಾತಾಡುವುದು, ಏನನ್ನಾದರೂ ಪ್ರದರ್ಶಿಸುವುದು, ಆಕೆಯ ಖಾಸಗಿತನಕ್ಕೆ ನುಗ್ಗುವುದು ಅಪರಾಧ. 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ನಮ್ಮ ಹುಡುಗನಿಗೆ ಮೊದಲು ಹೊಂದುವುದು ಇದೇ. 356ನೇ ಕಲಂ, ಅಂದರೆ ಮಾನನಷ್ಟ, ಅದೂ ಇದೆ. ‘ಚರಂಡಿ ಕಂಪ್ಲೇಂಟ್ ವಾಪಸ್ ತಗೊಳ್ಳಲಿಲ್ಲ ಅಂದ್ರೆ ಇನ್ನೂ ಹಾಕ್ತೀನಿ’ ಅಂತ ಅವನು ಹೆದರಿಸಿದ್ದರೆ 351 ಬರುತ್ತದೆ. ಸಾಮಾನ್ಯ ಬೆದರಿಕೆಗೆ 2 ವರ್ಷ. ಕೊಲ್ಲುತ್ತೇನೆ ಅಂದರೆ, ಅಥವಾ ಹೆಣ್ಣಿನ ಶೀಲದ ಬಗ್ಗೆ ಆರೋಪ ಹೊರಿಸುತ್ತೇನೆ ಅಂತ ಬೆದರಿಸಿದರೆ 7 ವರ್ಷದವರೆಗೆ. ಹೆಸರು ಮರೆಮಾಚಿ ಬೆದರಿಸಿದ್ದಕ್ಕೆ ಇನ್ನೂ 2 ವರ್ಷದವರೆಗೆ ಸೇರಿಸಬಹುದು. ಫೇಕ್ ಅಕೌಂಟ್‌ನಿಂದ ಹೆದರಿಸುವವರಿಗೆ ಈ ಕೊನೆಯ ಮಾತು ಗೊತ್ತೇ ಇರುವುದಿಲ್ಲ.

ಆ ಟೈಲರ್ ಹೆಸರಲ್ಲೇ ನಕಲಿ ಪ್ರೊಫೈಲ್ ಮಾಡಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ, ಅಂದರೆ ಐಟಿ ಕಾಯ್ದೆಯ 66ಸಿ (ಗುರುತು ಕದಿಯುವುದು), 66ಡಿ (ಬೇರೊಬ್ಬರಂತೆ ನಟಿಸಿ ಮೋಸ ಮಾಡುವುದು) ನೋಡಬೇಕಾಗುತ್ತದೆ. ರಾತ್ರಿಯೆಲ್ಲ ಕರೆ ಮಾಡಿದವರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಬೇಡ, ಕಾಲ್ ಮಾಡಬೇಡಿ’ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ಒಬ್ಬ ಗಂಡಸು ಮತ್ತೆ ಮತ್ತೆ ಸಂಪರ್ಕಕ್ಕೆ ಬಂದರೆ ಬಿಎನ್‌ಎಸ್‌ನ 78ನೇ ಕಲಂ, ಅಂದರೆ ಸ್ಟಾಕಿಂಗ್ (ಬೆನ್ನುಬಿದ್ದು ಕಾಡುವುದು). ಮೊದಲ ಸಲಕ್ಕೆ 3 ವರ್ಷದವರೆಗೆ, ಎರಡನೇ ಸಲಕ್ಕೆ 5 ವರ್ಷದವರೆಗೆ. ಹಾಗಾಗಿ ಸುಮ್ನೆ ಕಟ್ ಮಾಡುವ ಬದಲು ಒಂದು ಸಲ ‘ಬೇಡ’ ಅಂತ ಮೆಸೇಜ್ ಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು. ಆ ಒಂದು ಸಾಲು ಮುಂದೆ ಸಾಕ್ಷಿಯಾಗುತ್ತದೆ.

ಫೋಟೊದಲ್ಲಿ ಅಶ್ಲೀಲ ಏನೂ ಇರಲಿಲ್ಲವಲ್ಲ ಅನ್ನುವವರಿಗೆ ದೆಹಲಿ ಹೈಕೋರ್ಟಿನ 2021ರ ಏಪ್ರಿಲ್‌ನ ಇನ್ನೊಂದು ಆದೇಶ ಉತ್ತರ. ಅಲ್ಲಿ ಮಹಿಳೆಯೊಬ್ಬರ ಸಾಮಾನ್ಯ ಫೋಟೊಗಳನ್ನು ಅವರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಖಾತೆಗಳಿಂದ ತೆಗೆದು ಅಶ್ಲೀಲ ವೆಬ್‌ಸೈಟಿಗೆ ಕೆಟ್ಟ ಶೀರ್ಷಿಕೆ ಕೊಟ್ಟು ಹಾಕಿದ್ದರು. ಫೋಟೊ ಸಭ್ಯವಾಗಿದ್ದರೂ, ಅದನ್ನು ಇಟ್ಟ ಜಾಗ ಮತ್ತು ಕಟ್ಟಿದ ಮಾತು ನೋಡಿದರೆ ಅಶ್ಲೀಲ ವಿಷಯ ಹರಡುವುದರ ವಿರುದ್ಧದ ಐಟಿ ಕಾಯ್ದೆಯ 67ನೇ ಕಲಂ ಅನ್ವಯಿಸುತ್ತದೆ ಅಂದಿತು ಕೋರ್ಟ್.

ಗಂಡಸರಿಗೆ ಬಾಗಿಲುಗಳು ಕಡಿಮೆ. ಬಿಎನ್‌ಎಸ್‌ನ 78, 79 ಎರಡೂ ಹೆಂಗಸರ ರಕ್ಷಣೆಗೆ ಇರುವವು. ಗಂಡಸಿನ ನಂಬರನ್ನು ‘ಮೋಸಗಾರ, ಕಂಡಲ್ಲಿ ಬಾರಿಸಿ’ ಅಂತ ಹಾಕಿದರೆ ಬೆದರಿಕೆ, ಮಾನನಷ್ಟ, ಐಟಿ ಕಾಯ್ದೆ, ಇಷ್ಟೇ. ನನ್ನ ಪ್ರಕಾರ ಹೊಸ ಕಲಂ ಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ಇದೇ.

ಉದ್ದೇಶ ಕೇಳದ ಕೆಲವು ಮಾಹಿತಿಗಳು

ಕೆಲವಕ್ಕೆ ಮಾತ್ರ ಈ ಲೆಕ್ಕ ಬೇರೆ. ಹಾಕಿದ್ದೇ ತಪ್ಪು, ಯಾಕೆ ಹಾಕಿದೆ ಅನ್ನುವುದು ಆಮೇಲಿನ ಮಾತು. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆ ಇಲ್ಲದೆ ಗೊತ್ತಿದ್ದೂ ತೆಗೆದರೆ, ಹಾಕಿದರೆ, ಕಳಿಸಿದರೆ ಐಟಿ ಕಾಯ್ದೆಯ 66ಇ. ಇದು ಗಂಡಸರಿಗೂ ಅನ್ವಯ. 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮಕ್ಕಳ ಅಶ್ಲೀಲ ಚಿತ್ರವಾದರೆ 67ಬಿ ಮತ್ತು ಪೋಕ್ಸೊ, ಶಿಕ್ಷೆ ಇನ್ನೂ ಕಠಿಣ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯ 29ನೇ ಕಲಂ ತಡೆಯುತ್ತದೆ. ಒಂದು ನಂಬರಿನಿಂದ ಏನಾಗುತ್ತದೆ ಬಿಡಿ ಅನ್ನುವವರು 2018ರ ಜುಲೈ ನೆನಪಿಸಿಕೊಳ್ಳಬೇಕು. ಆಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರಾಗಿದ್ದ ಆರ್.ಎಸ್. ಶರ್ಮಾ ತಮ್ಮ ಆಧಾರ್ ನಂಬರನ್ನು ಟ್ವಿಟರಿನಲ್ಲಿ ಹಾಕಿ ಸವಾಲು ಹಾಕಿದರು. ಜನ ಅಲ್ಲಿ ಇಲ್ಲಿ ಹುಡುಕಿ ಅವರ ಫೋನ್ ನಂಬರ್, ವಿಳಾಸ ಎಲ್ಲ ಎತ್ತಿ ತಂದು ಮುಂದಿಟ್ಟರು.

ಅತ್ಯಾಚಾರದಂಥ ಪ್ರಕರಣಗಳಲ್ಲಿ ಸಂತ್ರಸ್ತೆಯ ಗುರುತನ್ನು ಪ್ರಕಟಿಸುವುದು ಬಿಎನ್‌ಎಸ್ 72ನೇ ಕಲಂ ಪ್ರಕಾರ ಅಪರಾಧ, 2 ವರ್ಷದವರೆಗೆ ಜೈಲು. ನಮ್ಮ ಊರುಗಳಿಗೆ ಇದು ಜಾಸ್ತಿ ಮುಖ್ಯ. ಹೆಸರು ಹಾಕಿಲ್ಲ ಸಾರ್ ಅಂತಾರೆ. ಆದರೆ ‘ಇಂಥ ಹಳ್ಳಿಯ, ಹಾಲಿನ ಡೈರಿ ಪಕ್ಕದ ಮನೆಯ, ಸೆಕೆಂಡ್ ಪಿಯುಸಿ ಓದುವ ಹುಡುಗಿ’ ಅಂದರೆ ಮಧುಗಿರಿಯಲ್ಲಾಗಲಿ ಗುಬ್ಬಿಯಲ್ಲಾಗಲಿ ಹೆಸರು ಬೇರೆ ಬೇಕಾ? ದೂರದಿಂದಲೂ ಗುರುತು ಹತ್ತುವಂಥ ಯಾವ ವಿವರವನ್ನೂ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲೇ ಹೇಳಿದೆ. ‘ನ್ಯಾಯ ಸಿಗಲಿ’ ಅಂತ ಫೋಟೊ ಸ್ಟೇಟಸ್ ಇಡುವವರಿಗೂ ಇದು ಅನ್ವಯ.

ಫಾರ್ವರ್ಡ್ ಮಾಡಿದವರು, ಅಡ್ಮಿನ್, ಲೋನ್ ಆ್ಯಪ್

‘ನಾನು ಬರೆದಿದ್ದಲ್ಲ, ಬಂದಿದ್ದನ್ನ ಕಳಿಸಿದೆ ಅಷ್ಟೆ’ ಅನ್ನುವುದು ಬಲು ಹಳೆಯ ಸಬೂಬು. ತಮಿಳುನಾಡಿನ ಮಾಜಿ ಶಾಸಕ, ನಟ ಎಸ್.ವಿ. ಶೇಖರ್ ಪತ್ರಕರ್ತೆಯರ ಬಗ್ಗೆ ಕೀಳಾದ ಪೋಸ್ಟ್ ಒಂದನ್ನು ಫಾರ್ವರ್ಡ್ ಮಾಡಿ ಕೇಸ್ ಹಾಕಿಸಿಕೊಂಡಿದ್ದರು. ಕಳಿಸಿದವರೇ ಹೊಣೆ ಅಂತ ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿತು, ಸುಪ್ರೀಂ ಕೋರ್ಟಿನಲ್ಲೂ ಅವರಿಗೆ ಬಿಡುಗಡೆ ಸಿಗಲಿಲ್ಲ. ಅಡ್ಮಿನ್ ವಿಚಾರ ಹಾಗಲ್ಲ. ಬೇರೆಯವರು ಹಾಕಿದ್ದಕ್ಕೆ, ತಾನು ಕೈ ಜೋಡಿಸಿರದಿದ್ದರೆ, ಗ್ರೂಪ್ ಅಡ್ಮಿನ್ ಜೈಲಿಗೆ ಹೋಗಬೇಕಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹೇಳಿದ ಮೇಲೂ ಡಿಲೀಟ್ ಮಾಡದ ಅಡ್ಮಿನ್‌ಗೆ ಮರ್ಯಾದೆ ಕೊಡಬೇಕಾಗಿಲ್ಲ, ಅದು ಬೇರೆ ಮಾತು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಇದರ ಇನ್ನೊಂದು ಮುಖ ಸಾಲ ವಸೂಲಿ. ಮೊಬೈಲ್ ಲೋನ್ ಆ್ಯಪ್ ಹಾಕಿಕೊಳ್ಳುವಾಗ ಕಾಂಟ್ಯಾಕ್ಟ್ಸ್, ಗ್ಯಾಲರಿ ಎಲ್ಲದಕ್ಕೂ ‘ಅಲೋ’ ಒತ್ತಿರುತ್ತೇವೆ. ಕಂತು ತಪ್ಪಿದರೆ ಅತ್ತೆ ಮನೆಯವರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ‘ಇವನು ಕಳ್ಳ’ ಅಂತ ಫೋಟೊ ಸಮೇತ ಮೆಸೇಜ್ ಹೋಗುತ್ತದೆ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಕಾಲ್ ಲಾಗ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಅಂದರೆ ಮುಟ್ಟಿದ್ದೇ ನಿಯಮ ಮುರಿದ ಹಾಗೆ. ಸೇವೆ ಕೊಡುವ ನೆಪದಲ್ಲಿ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ಕರಾರು ಮುರಿದು, ನಷ್ಟ ಮಾಡುವ ಉದ್ದೇಶದಿಂದ ಹೊರಗೆ ಬಿಟ್ಟರೆ ಐಟಿ ಕಾಯ್ದೆಯ 72ಎ ಇದೆ, 3 ವರ್ಷದವರೆಗೆ ಜೈಲು. ರಿಪೇರಿಗೆ ಕೊಟ್ಟ ಮೊಬೈಲಿನಿಂದ ಫೋಟೊ ಕಾಪಿ ಮಾಡಿಕೊಳ್ಳುವ ಅಂಗಡಿಯವನಿಗೆ ಅದೇ ಕಾಯ್ದೆಯ 43 ಮತ್ತು 66 ಹೊಂದುತ್ತವೆ. ಸಾಲ ತೀರಿಸಬೇಕು ಅನ್ನುವುದು ನಿಜ. ಆದರೆ ಸಾಲ ಇದ್ದ ಮಾತ್ರಕ್ಕೆ ಮಾನ ಹರಾಜಿಗೆ ಹಾಕುವ ಹಕ್ಕು ಬರುವುದಿಲ್ಲ.

ಇದರ ಎದುರು ಬದಿಯನ್ನೂ ಹೇಳಬೇಕು. ಗ್ರಾಮ ಪಂಚಾಯಿತಿ ಪಿಡಿಒ ಅವರ ಕಚೇರಿ ನಂಬರ್ ಹಾಕಿ ‘ನೀರು ಬಂದಿಲ್ಲ, ಎಲ್ಲರೂ ಫೋನ್ ಮಾಡಿ ಕೇಳಿ’ ಅಂದರೆ ಅದು ಡಾಕ್ಸಿಂಗ್ ಅಲ್ಲ. ಅವರ ಮಗಳು ಓದುವ ಶಾಲೆಯ ಹೆಸರು ಹಾಕಿದರೆ ಗೆರೆ ದಾಟಿದ ಹಾಗೆ. ಹೊಸ ಕಾನೂನು ಬರೆಯುವವರು ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯದಿದ್ದರೆ, ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಅದೇ ಅಸ್ತ್ರವಾಗುತ್ತದೆ. ಐಟಿ ಕಾಯ್ದೆಯ 66ಎ ಹಾಗೇ ಆಗಿತ್ತು. ಅಸ್ಪಷ್ಟವಾಗಿದೆ ಅಂತ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು.

ಠಾಣೆಗೆ ಹೋಗುವ ಮೊದಲು, ಹೋದ ಮೇಲೆ

ಮೊದಲ ಕೆಲಸ ಸಾಕ್ಷಿ ಉಳಿಸುವುದು. ಸಿಟ್ಟಿನಲ್ಲಿ ಗ್ರೂಪ್ ಬಿಟ್ಟು ಹೋಗಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಸಮಯ, ಕಳಿಸಿದವರ ಪೂರ್ತಿ ನಂಬರ್ ಕಾಣಬೇಕು. ನಿಮ್ಮ ಫೋನಿನಲ್ಲಿ ‘ಪಕ್ಕದ್ಮನೆ ರಾಜು’ ಅಂತ ಸೇವ್ ಆಗಿದ್ದರೆ ಅದಷ್ಟೇ ಬಂದರೆ ಉಪಯೋಗವಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆದರೆ ಪೋಸ್ಟಿನ ಲಿಂಕ್ ಕಾಪಿ ಮಾಡಿಕೊಳ್ಳಿ, ಪ್ರೊಫೈಲ್ ಹೆಸರು ನಾಳೆ ಬದಲಾಗಬಹುದು. ಫೋನ್ ಬದಲಾಯಿಸಬೇಡಿ, ರಿಸೆಟ್ ಮಾಡಬೇಡಿ. ಕೋರ್ಟಿನಲ್ಲಿ ಇವು ಸಾಕ್ಷಿಯಾಗಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಮೊದಲ ಭಾಗವನ್ನು ನೀವೇ ತುಂಬಬೇಕು. ಇನ್ನೊಂದು ಮಾತು: ಸೇಡಿಗೆ ಅವನ ನಂಬರನ್ನು ನೀವು ಹಾಕಬೇಡಿ. ಕೌಂಟರ್ ಕೇಸ್ ರೆಡಿ ಆಗುತ್ತದೆ, ಆಮೇಲೆ ರಾಜಿ ಮಾಡಿಕೊಳ್ಳಿ ಅಂತ ಇಬ್ಬರನ್ನೂ ಕೂರಿಸುತ್ತಾರೆ.

ಜಿಲ್ಲಾ ಕೇಂದ್ರದಲ್ಲಿ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆಂದೇ ಸಿಇಎನ್ ಠಾಣೆ ಇದೆ. ಐಟಿ ಕಾಯ್ದೆಯ ಕೇಸುಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯವರು ತನಿಖೆ ಮಾಡುವ ಹಾಗಿಲ್ಲ. ಸಬ್ ಇನ್‌ಸ್ಪೆಕ್ಟರ್ ಇರುವ ಠಾಣೆಯವರು ‘ಸಿಇಎನ್‌ಗೆ ಹೋಗಿ’ ಅನ್ನುವುದು ಇದಕ್ಕೇ. ಆದರೆ ಪಾವಗಡದಿಂದ ತುಮಕೂರಿಗೆ ಬರಬೇಕೆಂದರೆ ನೂರು ಕಿಲೋಮೀಟರ್ ಆಸುಪಾಸು, ಒಂದು ದಿನ ಹೋಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲೂ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳ ದೂರಿಗೆ ಬೇರೆ ವಿಭಾಗ ಇದೆ. 1930 ಸಹಾಯವಾಣಿ ಮುಖ್ಯವಾಗಿ ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡವರಿಗೆ. ಗೇಟಿನ ಮುಂದೆ ಯಾರೋ ನಿಂತಿದ್ದರೆ 112.

ಠಾಣೆಯಲ್ಲಿ ಬರುವ ನಿಜವಾದ ತೊಡಕು ಇದು. ಮಾನನಷ್ಟ, ಬೆದರಿಕೆ ಎರಡೂ ಅಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರಿನಲ್ಲಿ ಬರೀ ‘ನನ್ನ ಮಾನ ಹೋಯಿತು, ಬೆದರಿಸಿದರು’ ಅಂತ ಇದ್ದರೆ ಎನ್‌ಸಿಆರ್, ಅಂದರೆ ಅಸಂಜ್ಞೇಯ ದೂರು ಅಂತಷ್ಟೇ ದಾಖಲು ಮಾಡಿ, ‘ಕೋರ್ಟಿನಲ್ಲಿ ಪರಿಹರಿಸಿಕೊಳ್ಳಿ’ ಅಂತ ಹಿಂಬರಹ ಕೈಗಿಡುತ್ತಾರೆ. ಆದರೆ ಬಿಎನ್‌ಎಸ್‌ಎಸ್ 174ನೇ ಕಲಂನಲ್ಲಿ ಒಂದು ಉಪಯುಕ್ತ ಸಾಲಿದೆ. ಹಲವು ಅಪರಾಧಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದದ್ದಾಗಿದ್ದರೆ, ಇಡೀ ಪ್ರಕರಣವನ್ನೇ ಸಂಜ್ಞೇಯ ಅಂತ ಪರಿಗಣಿಸಬೇಕು. ಬಿಎನ್‌ಎಸ್ 78, 79, ಐಟಿ ಕಾಯ್ದೆಯ 66ಸಿ, 66ಡಿ, 66ಇ, 67 ಎಲ್ಲವೂ ಸಂಜ್ಞೇಯ. ಹಾಗಾಗಿ ದೂರಿನಲ್ಲಿ ‘ನನ್ನ ನಂಬರ್ ಹಾಕಿದ್ದಾರೆ’ ಅಂತ ಒಂದು ಸಾಲು ಬರೆದರೆ ಸಾಲದು. ಚರಂಡಿ ಜಗಳ ಯಾವಾಗ ಆಯಿತು, ಏನು ಬರೆದು ಹಾಕಿದ, ‘ಸಿಗ್ತಾಳೆ’ ಅನ್ನುವ ಮಾತು ಇದ್ದ ಹಾಗೇ, ಆಮೇಲೆ ಎಷ್ಟು ಹೊತ್ತಿಗೆ ಯಾವ ನಂಬರಿನಿಂದ ಕರೆ ಬಂತು, ಏನು ಕೇಳಿದರು, ಇಷ್ಟೂ ಇರಲಿ. ಬರೆಯಲು ನಾಚಿಕೆ ಆಗುತ್ತದೆ, ನಿಜ. ಆದರೆ ‘ಅಸಭ್ಯವಾಗಿ ಮಾತಾಡಿದರು’ ಅಂತ ನಯ ಮಾಡಿ ಬರೆದರೆ ಕೇಸಿನ ಜೀವವೇ ಹೋಗುತ್ತದೆ.

ಎಫ್‌ಐಆರ್ ಮಾಡಲು ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ. ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ.

ಪೋಸ್ಟ್ ತೆಗೆಸುವುದು ಬೇರೆಯದೇ ದಾರಿ, ಕೇಸ್ ಆಗುವವರೆಗೆ ಕಾಯಬೇಕಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಪ್ರತಿ ಕಂಪನಿಗೂ ದೂರು ಅಧಿಕಾರಿ ಇರಬೇಕು. ನಗ್ನ ಚಿತ್ರ, ಮಾರ್ಫ್ ಮಾಡಿದ ಚಿತ್ರ, ನಕಲಿ ಪ್ರೊಫೈಲ್ ಆದರೆ 24 ಗಂಟೆಯಲ್ಲಿ ತೆಗೆಯಬೇಕು ಅಂತ ಆಗ ಗಡುವು ಇಟ್ಟಿದ್ದರು, ಆಮೇಲೆ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ತೆಗೆದರೆ ಸಾಕ್ಷಿ ಹೋಗುತ್ತದೆ ಅನ್ನುವ ಭಯ ಬೇಡ. ತೆಗೆದ ಮಾಹಿತಿಯನ್ನು ಕಂಪನಿ 180 ದಿನ ಉಳಿಸಿಕೊಳ್ಳಬೇಕು. ಆದರೆ ಅದು 180 ದಿನ ಮಾತ್ರ, ಅಷ್ಟರೊಳಗೆ ಪೊಲೀಸರು ಕೇಳಬೇಕು. ಕಂಪನಿಯ ಉತ್ತರ ಸರಿಹೋಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಹಾಕಿದವರು ಯಾರು ಅಂತಲೇ ಗೊತ್ತಿಲ್ಲದಿದ್ದರೂ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಅಂಥ ಅನಾಮಿಕ ಪ್ರತಿವಾದಿಗೆ ನಮ್ಮ ಕೋರ್ಟುಗಳು ಇಡುವ ಹೆಸರು ‘ಅಶೋಕ್ ಕುಮಾರ್’. ಆ ಹೆಸರಿನವರ ಪಾಡು ದೇವರಿಗೇ ಪ್ರೀತಿ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಬಗ್ಗೆ ತುಂಬ ಜನ ಆಸೆ ಇಟ್ಟುಕೊಂಡಿದ್ದಾರೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಯಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಲೋನ್ ಆ್ಯಪ್‌ನಂಥ ಕಂಪನಿಗಳನ್ನು ಹಿಡಿಯಲು ಅದು ಸರಿ, 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ನಮ್ಮ ಟೈಲರ್‌ಗೆ ಅದರಿಂದ ಹೆಚ್ಚೇನೂ ಆಗದು. ನಾವೇ ಸಾರ್ವಜನಿಕವಾಗಿ ಕೊಟ್ಟ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ದಂಡದ ದುಡ್ಡು ಸರ್ಕಾರಕ್ಕೆ ಹೋಗುತ್ತದೆ, ನೊಂದವರಿಗೆ ಬರುವುದಿಲ್ಲ. ಅವರಿಗೆ ಕೆಲಸಕ್ಕೆ ಬರುವುದು ಬಿಎನ್‌ಎಸ್ 79 ಮತ್ತು ಸರಿಯಾಗಿ ಬರೆದ ದೂರು. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ ನಂಬರ್ 15100.